ತಳ ಹಿಡಿದ ಗಂಜಿ

ನನ್ನ ಕೈಯಡುಗೆ ಉಂಡವರು ಬೆರಳು ಚೀಪುತ್ತಾರೆ ಎಂದು ನಂಬಿಕೊಂಡೇ ಅರ್ಧ ಆಯಸ್ಸು ಕಳೆದವನು ನಾನು. ದೊಡ್ಡ ಹೋಟೆಲಿನಲ್ಲಿ ಮುಖ್ಯ ಅಡುಗೆಯವನಾಗಿದ್ದೆ. ಮಂಡಿ ಕೈಕೊಟ್ಟ ಮೇಲೆ, "ಏಳೆಂಟು ಮಕ್ಕಳ ಅಡುಗೆ ತಾನೇ, ಎಡಗೈಲಿ ಮಾಡಿ ಬಿಸಾಕ್ತೀನಿ" ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡು ಈ ಮನೆಗೆ ಸೇರಿದೆ. ಕ್ಯಾನ್ಸರಿಗೆ ಇನ್ನು ಮದ್ದಿಲ್ಲ ಎಂದಾದ ಮಕ್ಕಳು ನೋವಿಲ್ಲದೆ, ತಮ್ಮವರ ಜೊತೆ ಇರಲೆಂದು ನಡೆಸುವ ಮನೆ ಇದು.

ಬಂದ ವಾರವೇ ಜಂಬ ಇಳಿಯಿತು. ತಟ್ಟೆಗಳು ಹೋದ ಹಾಗೆಯೇ ವಾಪಸು ಬರುತ್ತಿದ್ದವು. ಬಾಯೆಲ್ಲ ಹುಣ್ಣಾದ ಮಕ್ಕಳಿಗೆ ನಾನು ಟೊಮೆಟೊದಲ್ಲಿ ಗುಲಾಬಿ ಕೆತ್ತಿ ಕಳಿಸುತ್ತಿದ್ದೆ! ಒಂದು ಮಗು ಅದನ್ನು ಗೊಂಬೆಯ ತಲೆಗೆ ಮುಡಿಸಿತಂತೆ. ನನ್ನ ಕಲೆಗೆ ಸಿಕ್ಕ ಮರ್ಯಾದೆ ಅಷ್ಟೇ.

ಆಗ ಕಿಟಕಿ ಪಕ್ಕದ ಹಾಸಿಗೆಗೆ ಒಬ್ಬಳು ಪುಟ್ಟ ಹುಡುಗಿ ಬಂದಳು. ತಲೆಯಲ್ಲಿ ಕೂದಲಿಲ್ಲ, ಬಾಯಿ ಮಾತ್ರ ಪಟಪಟ. ಸಿಸ್ಟರುಗಳೆಲ್ಲ ಅವಳನ್ನು 'ಮೇಡಂ' ಎನ್ನುತ್ತಿದ್ದರು. ಅವಳಪ್ಪ ಗೋಡೆಗೆ ಬಣ್ಣ ಹೊಡೆಯುವವರು. ತಾಯಿಯಿಲ್ಲದ ಮಗುವನ್ನು ಒಬ್ಬರೇ ಸಾಕಿದ್ದರು. ಮೇಡಂ ಏನನ್ನೂ ಮುಟ್ಟದಿದ್ದಾಗ ನಾನೇ ಟೋಪಿ ಸರಿಮಾಡಿಕೊಂಡು ಹೋದೆ.

"ಏನ್ ಬೇಕು ಹೇಳು ಪುಟ್ಟಿ. ನಂಗೆ ಬರದೇ ಇರೋ ಅಡುಗೇನೇ ಇಲ್ಲ."

"ಅಪ್ಪ ಮಾಡೋ ಗಂಜಿ."

ಹಾಲು ಬೆರೆಸಿ, ಸೋಸಿ, ರೇಷ್ಮೆಯಂಥ ಗಂಜಿ ಮಾಡಿ ತಂದೆ. ಅವಳು ಒಂದು ಚಮಚ ಬಾಯಿಗಿಟ್ಟು ಮುಖ ಹಿಂಡಿದಳು.

"ಚೆನ್ನಾಗಿದೆ ಅಂಕಲ್. ಅದಕ್ಕೇ ಬೇಡ. ಅಪ್ಪಂದು ತಳ ಹಿಡಿದಿರುತ್ತೆ."

"ಹಾಗಾದ್ರೆ ನಿಮ್ಮಪ್ಪನೇ ಮಾಡ್ಲಿ."

"ಅಪ್ಪ ಅಡುಗೆಮನೇಲಿದ್ರೆ ನನ್ ಹತ್ರ ಯಾರ್ ಕೂರ್ತಾರೆ? ನೀವೇ ಕಲ್ತ್ಕೊಳ್ಳಿ."

ಹಾಗೆ ಒಂದು ಬೆಳಿಗ್ಗೆ, ಮೇಡಂ ಮಲಗಿದ್ದಾಗ, ಬಣ್ಣದವರು ನನ್ನ ಮೇಷ್ಟರಾಗಿ ಬಂದರು. ಪಾಪ, ನಾಚಿಕೆಯಿಂದ ಕುಗ್ಗಿಹೋಗಿದ್ದರು.

"ಒಲೆ ಮೇಲಿಟ್ಟು ಏನ್ ಮಾಡ್ತೀರಿ?"

"ಮರ್ತು ಬಿಡ್ತೀನಿ ಸಾರ್."

ಮರೆಯುವುದು ಅಷ್ಟು ಸುಲಭವೇ? ಗಂಜಿ ಕುದಿಯುತ್ತಿದ್ದ ಹಾಗೆ ನನ್ನ ಕೈ ತಾನಾಗಿ ಸೌಟಿಗೆ ಹೋಗುತ್ತಿತ್ತು. "ತಿರುವ್ಬೇಡಿ ಸಾರ್, ಕೈ ಕಟ್ಕೊಂಡು ನಿಲ್ಲಿ" ಎಂದು ಗದರಿಸಿದರು. ಮೊದಲ ಸಲ ಸೀಯಲೇ ಇಲ್ಲ. ಎರಡನೆಯ ಸಲ ಪಾತ್ರೆಯೇ ಕರಕಲಾಯಿತು. ಅಂತೂ ಮೂರನೆಯ ಸಲದ್ದನ್ನು ಮೇಡಂ ಅರ್ಧ ಬಟ್ಟಲು ಕುಡಿದಳು.

"ಪರವಾಗಿಲ್ಲ, ಸುಧಾರಿಸ್ತಿದೀರಿ."

ಹೋಟೆಲಿನಲ್ಲಿ ಎಷ್ಟೋ ದೊಡ್ಡ ಮನುಷ್ಯರು ನನ್ನ ಬೆನ್ನು ತಟ್ಟಿದ್ದರು. ಯಾವತ್ತೂ ಇಷ್ಟು ಬೀಗಿರಲಿಲ್ಲ.

ದಿನ ಕಳೆದಂತೆ ಅರ್ಧ ಬಟ್ಟಲು ಎರಡು ಚಮಚಕ್ಕಿಳಿಯಿತು, ಆಮೇಲೆ ತುಟಿಗೆ ಸವರುವಷ್ಟು. ಒಂದು ಮಧ್ಯಾಹ್ನ ಅವಳು ಅಪ್ಪನ ತೊಡೆಯ ಮೇಲೆ ಮಲಗಿದ್ದ ಹಾಗೆಯೇ ಹೋಗಿಬಿಟ್ಟಳು.

ಸಮಾಧಾನ ಹೇಳಲೆಂದು ನಾನು ಮಾತು ಜೋಡಿಸಿಕೊಂಡೇ ಕೋಣೆಗೆ ಹೋದೆ. ಅವರ ಮುಖ ನೋಡಿದ್ದೇ ತಡ, ಗೊಳೋ ಎಂದು ಅತ್ತೆ. ಅವರೇ ನನ್ನ ಬೆನ್ನು ಸವರಿದರು.

"ಸುಮ್ನಿರಿ ಸಾರ್. ನೋವು ಪಡ್ಲಿಲ್ಲ ಅವಳು."

ಸಿಸ್ಟರ್ ನೀರು ತಂದು ಕೊಟ್ಟಿದ್ದೂ ನನಗೇ.

ಈಗ ಹೊಸ ಮಗು ಬಂದರೆ, ಮನೆಯಲ್ಲಿ ಅಡುಗೆ ಮಾಡುತ್ತಿದ್ದವರು ಯಾರು, ಹೇಗೆ ಕೆಡಿಸುತ್ತಿದ್ದರು ಎಂದು ಮೊದಲೇ ವಿಚಾರಿಸುತ್ತೇನೆ. ಮೊನ್ನೆ ಒಂದು ಮಗುವಿನ ಅಜ್ಜಿಗೆ ಸಿಟ್ಟು ಬಂತು. "ಕೆಡಿಸೋದಾ? ನಾನಾ?" ಎಂದು ಸೌಟು ಕಿತ್ತುಕೊಂಡು ನನ್ನನ್ನೇ ಆಚೆಗೆ ಅಟ್ಟಿದರು. ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿದುಕೊಟ್ಟೆ. ಅದರಲ್ಲೂ ಸಿಪ್ಪೆ ಉಳಿದಿದೆಯಂತೆ.