ಹಂಗಳದಲ್ಲಿ ಹಿಂದಕ್ಕೆ ನಡೆದದ್ದು

ಊಟಿಗೆ ಹೊರಟ ನಮ್ಮ ಬಸ್ಸು ಬೆಳಿಗ್ಗೆ ಹಂಗಳ ದಾಟಿದ ಮೇಲೆ ಕೆಟ್ಟು ನಿಂತಿತು. ಎಲ್ಲರೂ ಇಳಿದು ಕಾಡಂಚಿನ ರಸ್ತೆಬದಿಯ ಟೀ ಅಂಗಡಿಯ ಮುಂದೆ ಸೇರಿದರು. ನಾನು ಸ್ವಲ್ಪ ದೂರ ಹೋಗಿ, ಇಯರ್‌ಫೋನ್ ಸಿಕ್ಕಿಸಿಕೊಂಡು, ಬೆಂಗಳೂರಿನಲ್ಲಿ ಕಲಿಯುತ್ತಿರುವ ಟ್ಯಾಂಗೋ ನಡಿಗೆಯ ಅಭ್ಯಾಸಕ್ಕೆ ನಿಂತೆ. ಅರ್ಜೆಂಟೀನಾದ ಆ ಜೋಡಿ ನೃತ್ಯದಲ್ಲಿ ಹೆಣ್ಣು ಹೆಚ್ಚಾಗಿ ಹಿಂದಕ್ಕೇ ನಡೆಯಬೇಕು. ಎದೆ ಎದುರಿನವನ ಕಡೆಗಿರಬೇಕು. ಮೈಭಾರವೆಲ್ಲ ಒಂದು ಕಾಲಿಗೆ ಇಳಿದ ಮೇಲೆಯೇ ಇನ್ನೊಂದು ಕಾಲು ಹಾಡಿನೊಂದಿಗೆ ಮೆಲ್ಲಗೆ ಹಿಂದೆ ಸರಿಯಬೇಕು.

ಕಾಡಿನತ್ತ ಮುಖಮಾಡಿ ಹಾಗೆ ಕೆಲವು ಹೆಜ್ಜೆ ಸರಿದಿದ್ದೆ. ಯಾರೋ ನನ್ನ ರಟ್ಟೆ ಹಿಡಿದು ಎಳೆದರು. ಇಯರ್‌ಫೋನ್ ಕಿತ್ತುಬಂತು. ನೋಡಿದರೆ ಟೀ ಅಂಗಡಿಯ ಅಜ್ಜಿ, ಏದುಸಿರು ಬಿಡುತ್ತಿದ್ದಳು.

“ಎಲ್ಲವ್ವ ಆನೆ?”

“ಯಾವ ಆನೆ ಅಜ್ಜಿ? ನಾನು ಡ್ಯಾನ್ಸ್ ಪ್ರಾಕ್ಟೀಸ್ ಮಾಡ್ತಿದ್ದೆ.”

“ಆನೆ ಕಂಡೋರು ತಾನೆ ಇಂಗೆ ಬೆನ್ನು ತೋರುಸ್ದೆ ಇಂದಕ್ಕೆ ಬರಾದು? ಒಲೆ ಮ್ಯಾಲೆ ಟೀ ಬುಟ್ಟು ಓಡ್ಬಂದೆ. ಕುಣಿಯಾದಾದ್ರೆ ಮುಂದಕ್ಕೆ ಕುಣಿ ಕಣವ್ವ.”

ಅಜ್ಜಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮೈ ಉರಿದದ್ದು ಬಸ್ಸಿನ ಕಡೆ ತಿರುಗಿದಾಗ. ಟೀ ಕುಡಿಯುತ್ತಿದ್ದವರೆಲ್ಲ ಒಳಗೆ ಹತ್ತಿ ಕಿಟಕಿಗಳಿಗೆ ಅಂಟಿಕೊಂಡಿದ್ದರು. ಮೈಸೂರಿನಿಂದ ನನ್ನ ಕಡಲೆಕಾಯಿ ತಿಂದುಕೊಂಡು ಬಂದ ಪಕ್ಕದ ಸೀಟಿನ ಯಜಮಾನರೂ ಅಲ್ಲಿದ್ದರು. ಒಬ್ಬರೂ ನನ್ನನ್ನು ಕೂಗಿರಲಿಲ್ಲ. ಹೋಗಿ ಬಸ್ಸಿನ ಬಾಗಿಲು ತಳ್ಳಿದೆ, ಒಳಗಿನಿಂದ ಹಾಕಿತ್ತು.

ಕಿಟಕಿಯ ಗಾಜು ಬೆರಳಷ್ಟು ಸರಿಸಿ ಆ ಯಜಮಾನರು ಕೇಳಿದರು:

“ಆನೆ ಹೋಯ್ತಾ ಮೇಡಂ?”