ಗ್ಯಾರೇಜಿನಲ್ಲಿ ಕಡೆಕಲ್ಲು

ಸೂರತ್ತಿನ ಶೇರ್ ಆಟೊದಲ್ಲಿ ಹಿಂದಿನ ಸೀಟಿಗೆ ನಾಲ್ಕನೆಯವರಾಗಿ ಹತ್ತುವವರು ಜಾಗ ಕೇಳುವುದಿಲ್ಲ, 'ಸೈಡ್' ಕೇಳುತ್ತಾರೆ. "ಜರಾ ಸೈಡ್ ಆಪೋ ನೆ" ಎಂದು ಅವರು ಅಂದ ತಕ್ಷಣ, ಇಲ್ಲದ ಜಾಗವೊಂದು ಎಲ್ಲಿಂದಲೋ ಹುಟ್ಟಿಕೊಳ್ಳುತ್ತದೆ. ಜಾಗ ಕೇಳಿದ್ದರೆ ಮೂವರೂ ರಸ್ತೆಯತ್ತ ನೋಡುತ್ತಿದ್ದೆವು. ಸೈಡ್ ಅಂದರೆ ಮಾತ್ರ ಇಲ್ಲವೆನ್ನಲು ನಾಲಿಗೆ ಏಳುವುದಿಲ್ಲ. ಜಾಗಕ್ಕೆ ಒಡೆತನವಿದೆ, ಸೈಡಿಗೆ ಇಲ್ಲ ಎಂಬ ನಂಬಿಕೆ ಇರಬೇಕು. ನಮ್ಮವರ ಉಡುಪಿ ಹೋಟೆಲಿನಲ್ಲೂ ದೋಸೆಗೆ ಬೆಲೆಯಿದೆ, ಸೈಡಿಗೆ ಬರುವ ಚಟ್ನಿಗಿಲ್ಲ. ಆದರೂ ಗಿರಾಕಿ ಮತ್ತೆ ಬರುವುದು ಚಟ್ನಿಯನ್ನು ನೆನೆದೇ ಎಂಬುದನ್ನು ನೀವೂ ಬಲ್ಲಿರಿ.

ಸೈಡಿನ ಬಗ್ಗೆ ನನಗೆ ಇಷ್ಟು ಕಾಳಜಿ ಹುಟ್ಟಲು ಕಾರಣವಿದೆ. ಕಳೆದ ಒಂದು ವರ್ಷದಿಂದ ನಾನು ಒಂದು 'ಸೈಡ್ ಪ್ರಾಜೆಕ್ಟ್'ನಲ್ಲಿದ್ದೇನೆ. ಹೆಸರಾಂತ ರಾಕ್ ಬ್ಯಾಂಡಿನವರು ತಮ್ಮ ದೊಡ್ಡ ಬ್ಯಾಂಡನ್ನು ಹಾಗೆಯೇ ಇಟ್ಟುಕೊಂಡು, ಪಕ್ಕದಲ್ಲಿ ಮನಸ್ಸಿನ ಖುಷಿಗೆಂದು ನಡೆಸುವ ಚಿಕ್ಕ ಬ್ಯಾಂಡಿಗೆ ಹಾಗೆನ್ನುತ್ತಾರೆ. ಆ ಚಿಕ್ಕದರಲ್ಲಿ ನಾನು ಇನ್ನೂ ಚಿಕ್ಕವಳು. ಅಹಮದಾಬಾದಿನ ಬಟ್ಟೆ ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಭೂತಗನ್ನಡಿ ಹಿಡಿದು ಒಂದು ಅಂಗುಲದಲ್ಲಿ ಎಷ್ಟು ಎಳೆಗಳಿವೆ ಎಂದು ಎಣಿಸುವುದು ನನ್ನ ಕೆಲಸ. ಎಣಿಸುವುದು ಅನ್ನ ಕೊಡುವ ಮುಂಚೆಯೇ ಚಟವಾಗಿತ್ತು. ಎಂಟನೆಯ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ. ಅದರಲ್ಲಿ ಭಾವನೆಗಳಿಗಿಂತ ಲೆಕ್ಕಗಳೇ ಹೆಚ್ಚು. ರೈಲು ಎಷ್ಟು ನಿಮಿಷ ತಡ, ಅಮ್ಮ ಎಷ್ಟು ಸಲ ಮದುವೆಯ ಮಾತೆತ್ತಿದಳು, ಇತ್ಯಾದಿ. ಎರಡನೆಯದರಲ್ಲಿ ರೈಲಿನಷ್ಟೂ ವ್ಯತ್ಯಯವಿಲ್ಲ.

ಇಂಥವಳನ್ನು ಗಣೇಶಣ್ಣ ಯಾಕೆ ಕರೆದನೋ! ಗಣೇಶಣ್ಣ ಗುಜರಾತಿನ ಕಾಲೇಜುಗಳಲ್ಲೆಲ್ಲ ಹೆಸರಿರುವ ರಾಕ್ ಬ್ಯಾಂಡಿನ ಗಿಟಾರ್ ವಾದಕ ಮತ್ತು ಗಾಯಕ. ಸೂರತ್ತಿನ ಕತಾರ್‌ಗಾಮಿನಲ್ಲಿ ಉಡುಪಿ ಹೋಟೆಲ್ ನಡೆಸುವ ಸದಾಶಿವ ಕಾಕಾ ಅವರ ಮಗ, ನಲವತ್ತರ ಹತ್ತಿರದವನು. ಅಹಮದಾಬಾದಿನ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಅತಿಥಿಯಾಗಿ ಬಂದಿದ್ದ. ನಾನು ಸಂಘದ ಹಳೆಯ ಕೀಬೋರ್ಡಿನಲ್ಲಿ ಮಕ್ಕಳ ಹಾಡಿಗೆ ಒತ್ತಾಸೆ ಕೊಡುತ್ತಿದ್ದೆ. ಕಾರ್ಯಕ್ರಮ ಮುಗಿದ ಮೇಲೆ ಆತ ನೇರ ನನ್ನ ಬಳಿ ಬಂದು, "ನಿನ್ನ ಕೀಬೋರ್ಡ್ ಎಷ್ಟು ಕೆಟ್ಟದಾಗಿ ಕೂಗ್ತದೆ ಮಾರಾಯ್ತಿ! ಅದನ್ನೇ ತಕೊಂಡು ಸೂರತ್ತಿಗೆ ಬಾ" ಎಂದ. ನನ್ನ ಸಂಗೀತದ ಬಗ್ಗೆ ಇದುವರೆಗೆ ಬಂದಿರುವ ಅತ್ಯುತ್ತಮ ವಿಮರ್ಶೆ ಇದೇ.

ಆತನಿಗೆ ಬೇಕಾಗಿದ್ದುದು ಸೈಕೆಡೆಲಿಕ್ ಗ್ಯಾರೇಜ್ ರಾಕ್ ಎಂಬ ಸಂಗೀತ. ಹೆಸರು ಕೇಳಿ ಹೆದರಬೇಡಿ. ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಹೊಸದಾಗಿ ಗಿಟಾರು ಕಲಿತ ಹುಡುಗರು ಬಾರಿಸಿದಂತೆ ಒರಟಾಗಿ ಬಾರಿಸುವುದು ಗ್ಯಾರೇಜ್. ಅದೇ ಸ್ವರವನ್ನು ಪ್ರತಿಧ್ವನಿಯಲ್ಲಿ ಅದ್ದಿ, ಜೇನುನೊಣದಂತೆ ಗುಂಯ್‌ಗುಡಿಸಿ, ಕೇಳುವವರ ತಲೆ ಮೆಲ್ಲಗೆ ತಿರುಗುವವರೆಗೆ ಮುಂದುವರಿಸುವುದು ಸೈಕೆಡೆಲಿಕ್. ಇದರಲ್ಲಿ ಕಷ್ಟವಿರುವುದು ನನ್ನಂಥವರಿಗಲ್ಲ, ಪಳಗಿದವರಿಗೆ. ಚೆನ್ನಾಗಿ ನುಡಿಸಬಲ್ಲವರು ಚೆನ್ನಾಗಿ ನುಡಿಸದಿರಲು ಪಡುವ ಪರಿಶ್ರಮವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮನೆಯಲ್ಲಿ ವಿಷಯ ತಿಳಿಸಿದಾಗ ಧಾರವಾಡದ ನನ್ನ ಅಮ್ಮ, "ಗ್ಯಾರೇಜ್‌ನ್ಯಾಗ ಹಾಡೋದಂದ್ರ ಏನವಾ ಸುಮಾ? ಸ್ಕೂಟರ್ ರಿಪೇರಿ ಆಗೂತನಾ ಗಿರಾಕಿಗೆ ಬ್ಯಾಸರಾ ಆಗಬಾರ್ದಂತನೋ?" ಎಂದು ಕೇಳಿದಳು. ಆಮೇಲೆ, ಗಣೇಶಣ್ಣನಿಗೆ ಮದುವೆಯಾಗಿದೆ ಎಂದು ತಿಳಿದು ಆ ವಿಷಯದಲ್ಲಿ ಆಸಕ್ತಿ ಕಳೆದುಕೊಂಡಳು.

ನಮ್ಮದು ಹೆಸರಿಗೆ ತಕ್ಕಂತೆ ಗ್ಯಾರೇಜೇ. ಹೋಟೆಲಿನ ಹಿಂದೆ ಸಾಮಾನಿನ ವ್ಯಾನ್ ನಿಲ್ಲುವ ತಗಡಿನ ಶೆಡ್ಡು, ಅದರ ಮೂಲೆಯಲ್ಲಿ ಮಿಕ್ಸಿ ಗ್ರೈಂಡರುಗಳು ಬರುವ ಮುಂಚಿನ ಕಾಲದ ದೊಡ್ಡ ರುಬ್ಬುವ ಕಲ್ಲು. ಮೊದಲ ದಿನ ನಾವು ತಂತಿಗಳನ್ನು ಹರಡಿಕೊಳ್ಳುತ್ತಿದ್ದಾಗ ಸದಾಶಿವ ಕಾಕಾ ಬಾಗಿಲಲ್ಲಿ ನಿಂತು ಕೇಳಿದರು: "ರಾಕ್ ಅಂದ್ರೆ ಕಲ್ಲು ಅಲ್ವನಾ? ಗ್ಯಾರೇಜಲ್ಲಿ ಕಲ್ಲು ಮೊದ್ಲೇ ಉಂಟಲ್ಲ ಮಾರಾಯ, ನೀವೆಂತ ಹೊಸದು ತರುದು? ಇದೇ ನಿಮ್ಮ ಕಡೆಕಲ್ಲು."

ನನ್ನ ಧಾರವಾಡದ ಕಿವಿಗೆ ಅದು ಬೇರೆಯೇ ಆಗಿ ಕೇಳಿತು. "ಕಡೇ ಕಲ್ಲಾ? ಅಂದ್ರ ಇದಾದ ಮ್ಯಾಲೆ ಮುಗೀತೇನ್ರಿ ಕಾಕಾ?"

"ಅಯ್ಯೋ ಹೆಣ್ಣೇ! ಕಡೆಯುವ ಕಲ್ಲು! ಉದ್ದು ಕಡೆಯುದು, ಕಾಯಿ ಕಡೆಯುದು. ನಿಮ್ಮವರು ರುಬ್ಬುದು, ನಾವು ಕಡೆಯುದು. ಹಿಟ್ಟು ಒಂದೇ."

ಗಣೇಶಣ್ಣ ಗಿಟಾರನ್ನು ಬದಿಗಿಟ್ಟು ನಕ್ಕ ನಗು ತಗಡಿನ ಶೆಡ್ಡಿನಲ್ಲಿ ಪ್ರತಿಧ್ವನಿಸಿತು. ಕಡೆ ಎಂದರೆ ಪಕ್ಕ, ಕಲ್ಲು ಎಂದರೆ ರಾಕ್. ಸೈಡ್ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ಹೆಸರು ಎಲ್ಲಿಂದ ಸಿಗಬೇಕು? ಹೀಗೆ ಅಪ್ಪನ ಹಾಸ್ಯದಿಂದ, ನನ್ನ ಅಪಾರ್ಥದಿಂದ 'ಕಡೆಕಲ್ಲು' ಎಂಬ ಬ್ಯಾಂಡು ಹುಟ್ಟಿತು. ಹಾಡೂ ಅಲ್ಲಿಂದಲೇ ಬಂತು. ಹದಿನೈದು ವರ್ಷ ಇಂಗ್ಲಿಷ್, ಹಿಂದಿಗಳಲ್ಲಿ ಹಾಡಿದ್ದ ಗಣೇಶಣ್ಣ ಮೊದಲ ಬಾರಿಗೆ ಕನ್ನಡದಲ್ಲಿ ಎರಡು ಸಾಲು ಬರೆದ: 'ತಿರುಗು ಕಲ್ಲೇ ತಿರುಗು, ತಿರುಗಿದಲ್ಲೇ ಊರು'. ಅಷ್ಟೇ. ಕನ್ನಡ ಅಷ್ಟಕ್ಕೇ ಮುಗಿಯಿತು ಎಂದು ಆತನೇ ಹೇಳಿಕೊಂಡ. ಹಾಗಾಗಿ ಅದನ್ನೇ ಹತ್ತು ಹನ್ನೆರಡು ನಿಮಿಷ ಹಾಡುವುದೆಂದಾಯಿತು. ಭಾಷಾದಾರಿದ್ರ್ಯಕ್ಕೆ ಇಷ್ಟು ಅನುಕೂಲಕರವಾದ ಸಂಗೀತ ಪ್ರಕಾರ ಮತ್ತೊಂದಿಲ್ಲ.

ಆದರೆ ಈ ಸೈಡಿಗೆ ಒಂದು ಕಠಿಣ ನಿಯಮವಿತ್ತು: ಗರ್ಬಾ ಕೂಡದು. ಗುಜರಾತಿನಲ್ಲಿ ರಾಕ್ ಬ್ಯಾಂಡು ನಡೆಸುವವರಿಗೆ ವರ್ಷದ ಗಂಜಿ ಒದಗುವುದು ನವರಾತ್ರಿಯ ಮೈದಾನಗಳಲ್ಲಿ. ಒಂಬತ್ತು ದಿನ ಜನರಿಗೆ ಗೊತ್ತಿರುವ ಹಾಡುಗಳನ್ನೇ ಗಿಟಾರಿಗೆ ಹಾಕಿ ಬಾರಿಸಬೇಕು. ಜನ ವೃತ್ತದಲ್ಲಿ ಚಪ್ಪಾಳೆ ತಟ್ಟುತ್ತ ಸುತ್ತುತ್ತಾರೆ. "ನಾವು ಬಾರಿಸಿದ್ರೂ ಒಂದೇ, ಪೆನ್ ಡ್ರೈವ್ ಬಾರಿಸಿದ್ರೂ ಒಂದೇ. ಯಾರೂ ಸುತ್ತು ಬಾರದ ಒಂದು ಹಾಡು ಬೇಕು ನನಗೆ" ಎನ್ನುತ್ತಿದ್ದ ಗಣೇಶಣ್ಣ. ದೊಡ್ಡ ಬ್ಯಾಂಡಿನ ಡ್ರಮ್ಮರ್, ವಡೋದರಾದ ಜಿಗ್ನೇಶ್‌ಭಾಯಿಯೇ ನಮಗೂ ಡ್ರಮ್ಮರ್. ಅಷ್ಟೊಂದು ನವರಾತ್ರಿಗಳನ್ನು ಕಂಡ ಆ ಕೈಗಳು ಯಾವ ತಾಳದಲ್ಲಿ ಆರಂಭವಾದರೂ ಸ್ವಲ್ಪ ಹೊತ್ತಿಗೆ ಗರ್ಬಾದ ಆರು ಮಾತ್ರೆಯ ಹೀಂಚ್ ತಾಳಕ್ಕೆ ಜಾರುತ್ತಿದ್ದವು. "ಶುಂ ಕರೂಂ ಬೆನ್, ಹಾಥ್ ಜಾತೇ ಜ ಜಾಯ್ ಛೆ" ಎಂದು ಆತ ಅಳುಮೋರೆ ಮಾಡುತ್ತಿದ್ದ. ಕೈ ತಾನಾಗಿಯೇ ಹೋಗುತ್ತದೆ, ಏನು ಮಾಡಲಿ ತಂಗಿ, ಎಂದು. ಆಗ ನನ್ನ ಚಟಕ್ಕೆ ಹುದ್ದೆ ಸಿಕ್ಕಿತು. ನಾನು ಮಾತ್ರೆಗಳನ್ನು ಎಣಿಸುತ್ತಿರಬೇಕು. ಹೀಂಚ್ ಕಾಲಿಟ್ಟ ಕೂಡಲೇ ಎಡಗೈ ಎತ್ತಬೇಕು. ಎಡಗೈಗೆ ಈ ಸಂಗೀತದಲ್ಲಿ ಬೇರೆ ಕೆಲಸವಿರಲಿಲ್ಲ ಎಂಬುದೂ ನಿಜ.

ಇದೆಲ್ಲ ನಗುತ್ತ ನಡೆಯುತ್ತಿದ್ದಾಗ ಸದಾಶಿವ ಕಾಕಾ ಅವರ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾದಲ್ಲಿ ಕೂರುವುದು ಅವರಿಂದಾಗದು ಎಂದರು ವೈದ್ಯರು. ಕಾಕಾ ಮಗನಿಗೆ ಏನನ್ನೂ ಹೇಳಲಿಲ್ಲ. ಒಂದು ಮಧ್ಯಾಹ್ನ ಗ್ಯಾರೇಜಿಗೆ ಕುಂಟುತ್ತ ಬಂದು, ವ್ಯಾನಿನ ಮೆಟ್ಟಿಲ ಮೇಲೆ ಕೂತು, "ಬಾರಿಸಿ, ಬಾರಿಸಿ, ನಾನು ಸುಮ್ನೆ ಬಂದದ್ದು" ಎಂದು ಕಾಲು ನೀವಿಕೊಂಡರು. ಕಾಲು ಆಡಿದ ಮಾತೇ ಸಾಕಾಯಿತು. ಅವರು ಹೋದ ಮೇಲೆ ಗಣೇಶಣ್ಣ ನಮಗಿಬ್ಬರಿಗೂ ತಿಳಿಸಿದ: ಕಡೆಕಲ್ಲಿನ ಮೊದಲ ಕಛೇರಿ ವಡೋದರಾದಲ್ಲಿ ಆಗಲಿ, ಇದೂ ದೊಡ್ಡ ಬ್ಯಾಂಡಿನಂತೆ ಗರ್ಬಾಕ್ಕೇ ಇಳಿದರೆ ಎರಡು ಬ್ಯಾಂಡುಗಳನ್ನೂ ಬಿಟ್ಟು, ಆ ಮರುದಿನದಿಂದಲೇ ಗಲ್ಲಾದಲ್ಲಿ ಕೂರುತ್ತೇನೆ, ಅಪ್ಪನಿಗೂ ಇವತ್ತೇ ಹಾಗೆಂದು ಹೇಳುತ್ತೇನೆ. ಆ ಗ್ಯಾರೇಜು ನನಗೆ ಏನಾಗಿತ್ತೆಂಬುದು ಆಗಲೇ ತಿಳಿದದ್ದು. ಮನೆಯಲ್ಲಿ ಧಾರವಾಡ, ಬೀದಿಯಲ್ಲಿ ಗುಜರಾತಿ, ಕಚೇರಿಯಲ್ಲಿ ಇಂಗ್ಲಿಷು ಎಂದು ಎಲ್ಲೆಡೆ ಅರ್ಧರ್ಧವಾಗಿ ಬದುಕುವವಳಿಗೆ ಪೂರ್ತಿಯಾಗಿ ತಪ್ಪು ನುಡಿಸಲು ಅನುಮತಿಯಿದ್ದ ಸ್ಥಳ ಅದೊಂದೇ.

ವಡೋದರಾದಲ್ಲಿ ಚಿತ್ರಕಲೆ ಓದುವ ವಿದ್ಯಾರ್ಥಿಗಳು ನಡೆಸುವ ಚಹಾದಂಗಡಿಯ ಹಿಂದಿನ ಅಂಗಳ ನಮ್ಮ ರಂಗಸ್ಥಳ. ಭಾನುವಾರ ಸಂಜೆ ಐದಕ್ಕೆ ಆರಂಭ. ಐವತ್ತು ಜನ ಬಂದಿದ್ದರು. ಅವರಲ್ಲಿ ಹಲವರು ಚಹಾಕ್ಕಾಗಿ ಬಂದು ನಮ್ಮ ನಡುವೆ ಸಿಕ್ಕಿಹಾಕಿಕೊಂಡವರು. ಮೊದಲ ಮೂರು ಹಾಡುಗಳಿಗೆ ಸಭ್ಯ ಮೌನವಿತ್ತು. ಮೌನದಲ್ಲಿ ಎರಡು ಬಗೆ; ಇದು ಫೋನು ನೋಡುವ ಬಗೆ. ನಾಲ್ಕನೆಯದಾಗಿ, ಕೊನೆಯದಾಗಿ, 'ತಿರುಗು ಕಲ್ಲೇ'. ಗಣೇಶಣ್ಣ ಜನಕ್ಕೆ ಬೆನ್ನು ಹಾಕಿ ಆಂಪ್ಲಿಫೈಯರಿಗೆ ಎದುರಾಗಿ ನಿಂತ. ಹಾಗೆ ನಿಂತರೆ ಗಿಟಾರು ತಾನಾಗಿಯೇ ಊಳಿಡುತ್ತದೆ. ಈ ಬಾರಿ ಊಳಿಡುತ್ತಿದ್ದುದು ಗಿಟಾರು ಮಾತ್ರವಲ್ಲ ಎಂದು ಆ ಬೆನ್ನು ನೋಡಿಯೇ ತಿಳಿಯುತ್ತಿತ್ತು.

ಐದಾರು ನಿಮಿಷ ಕಳೆದಿರಬೇಕು. ಜಿಗ್ನೇಶ್‌ಭಾಯಿಯ ಕೈ ಜಾರಿತು. ನಾನು ಎಣಿಸಿದೆ, ಆರು, ಮತ್ತೆ ಆರು. ಸಂಶಯವೇ ಇಲ್ಲ, ಹೀಂಚ್. ಎಡಗೈ ಎತ್ತಬೇಕು ಎನ್ನುವಷ್ಟರಲ್ಲಿ ಗೋಡೆಗೊರಗಿ ನಿಂತಿದ್ದ ಬಣ್ಣ ಮೆತ್ತಿದ ಕುರ್ತಾದ ಹುಡುಗಿಯೊಬ್ಬಳು ಫೋನನ್ನು ಜೇಬಿಗಿಳಿಸಿ ಒಂದು ಚಪ್ಪಾಳೆ ತಟ್ಟಿದಳು. ಬಾಗಿ, ತಿರುಗಿ, ಇನ್ನೊಂದು. ಅವಳ ಹಿಂದೆ ಇಬ್ಬರು ಗೆಳತಿಯರು. ನೋಡನೋಡುತ್ತಿದ್ದಂತೆ ಕುರ್ಚಿಗಳು ಬದಿಗೆ ಸರಿದವು, ವೃತ್ತವೊಂದು ತೆರೆದುಕೊಂಡಿತು. ಜಿಗ್ನೇಶ್‌ಭಾಯಿ ತಪ್ಪಿತಸ್ಥನ ಕಣ್ಣುಗಳಿಂದ ನನ್ನನ್ನೇ ನೋಡುತ್ತ ಕಾಯುತ್ತಿದ್ದ. ನನ್ನ ಒಂದು ಕೈ ಆ ವೃತ್ತವನ್ನು ಅಳಿಸಬಹುದಿತ್ತು. ಗಣೇಶಣ್ಣ ಕೇಳಿದ್ದುದು ಅದನ್ನೇ. ಆದರೆ ಆ ಹುಡುಗಿಯ ತುಟಿಗಳು ಆಡುತ್ತಿದ್ದವು. ಅವಳಿಗೆ ಅರ್ಥವಾಗದ ಎರಡು ಕನ್ನಡ ಸಾಲುಗಳು, ಗುಜರಾತಿ ರಾಗ ಹಚ್ಚಿಕೊಂಡು, 'ತಿರುಗೂ ಕಲ್ಲೇ ತಿರುಗೂ' ಎಂದು ಅವಳ ಬಾಯಲ್ಲಿದ್ದವು. ನಾನು ಎಡಗೈಯನ್ನು ಕೀಬೋರ್ಡಿನ ಮೇಲಿಟ್ಟೆ. ಅದೂ ಒಂದು ಸ್ವರ ಒತ್ತಿತು.

ತಾಳ ಸರಿಹೋಗದ್ದನ್ನು ಕೇಳಿ ಗಣೇಶಣ್ಣ ಸಿಡುಕಿನಿಂದ ತಿರುಗಿದ. ಮೊದಲು ನನ್ನ ಕೈ ನೋಡಿದ, ಆಮೇಲೆ ಅಂಗಳ ನೋಡಿದ. ಮುಖ ಕೆಂಪಾಯಿತು, ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಆತನಿಗೂ ಆ ಸಾಲು ಕೇಳಿಸಿರಬೇಕು. ಗಿಟಾರು ಹಿಡಿದುಕೊಂಡೇ ಮೆಟ್ಟಿಲಿಳಿದು ವೃತ್ತದೊಳಕ್ಕೆ ನಡೆದ. ನಾಲ್ಕು ಹೆಜ್ಜೆಗೆ ಆಂಪ್ಲಿಫೈಯರಿನ ತಂತಿಯ ಉದ್ದ ಮುಗಿದು ಕಿತ್ತುಬಂತು, ಗಿಟಾರು ಮೂಕವಾಯಿತು. ಆತ ನಿಲ್ಲಲಿಲ್ಲ. ಗರ್ಬಾದಲ್ಲಿ ದೀಪದ ಮಡಕೆ ಇಡುವ ನಟ್ಟನಡುವೆ ಹೋಗಿ, ಮೂಕ ಗಿಟಾರನ್ನು ಮಗುವಿನಂತೆ ಎದೆಗವಚಿಕೊಂಡು, ಬರಿಗಂಟಲಲ್ಲಿ ಹಾಡಿದ. ಸುತ್ತಲೂ ಐವತ್ತು ಜನ ತಪ್ಪುತಪ್ಪಾಗಿ ದನಿಗೂಡಿಸಿದರು. ನನ್ನ ಕೆಟ್ಟ ಕೀಬೋರ್ಡು ಆ ಸಂಜೆ ಎಷ್ಟು ಹೊತ್ತು ಕೂಗಿತೋ ನನಗೆ ತಿಳಿಯದು, ನಾನು ಎಣಿಸುತ್ತಿರಲಿಲ್ಲ.

ರೈಲು ನಿಲ್ದಾಣಕ್ಕೆ ಮೂವರೂ ನಡೆದೇ ಹೋದೆವು. ನಾನು ಉತ್ತರಕ್ಕೆ ಅಹಮದಾಬಾದಿಗೆ, ಗಣೇಶಣ್ಣ ದಕ್ಷಿಣಕ್ಕೆ ಸೂರತ್ತಿಗೆ, ಜಿಗ್ನೇಶ್‌ಭಾಯಿ ನಮ್ಮನ್ನು ಬಿಟ್ಟು ಮನೆಗೆ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತ ಮೇಲೆ ಗಣೇಶಣ್ಣ ಕೇಳಿದ:

"ಕೈ ಯಾಕೆ ಎತ್ಲಿಲ್ಲ ನೀನು?"

"ಖಾಲಿ ಇರಲಿಲ್ಲಣ್ಣ."

"ನಿನಗೆ ಎಡಗೈಲಿ ಬಾರಿಸ್ಲಿಕ್ಕೆ ಬರ್ತದಾ?"

"ಬರೂದಿಲ್ಲ. ಅದಕ್ಕ ಅಷ್ಟು ಛಂದ ಬಂತು."

ಆತ ನಗಲಿಲ್ಲ. "ಮೈದಾನದಲ್ಲಿ ಅವ್ರ ಹಾಡಿಗೆ ಅವ್ರು ಸುತ್ತುದು, ಸುಮಾ. ಇವತ್ತು ನನ್ನ ಹಾಡಿಗೆ ಸುತ್ತಿದ್ರು" ಎಂದ. "ಕನ್ನಡದಲ್ಲಿ" ಎಂದು ಸೇರಿಸಿದ. ಆಮೇಲೆ ಫೋನು ತೆಗೆದು ಅಪ್ಪನಿಗೆ ಹಚ್ಚಿದ. ಗದ್ದಲಕ್ಕೆ ಕೇಳಿಸದೆಂದು ಸ್ಪೀಕರಿಗೆ ಹಾಕಿದ್ದರಿಂದ ನಮಗೂ ಕೇಳಿಸಿತು.

"ಅಪ್ಪಾ, ಗಲ್ಲಾಕ್ಕೆ... ಪೂರಾ ದಿನ ನನ್ನಿಂದ ಆಗುದಿಲ್ಲ. ಬೆಳಿಗ್ಗೆ ಕೂರ್ತೇನೆ. ಮಧ್ಯಾಹ್ನದ ಮೇಲೆ ಬೇರೆ ಜನ ನೋಡುವ."

ಆ ಕಡೆಯಿಂದ ಪಾತ್ರೆಗಳ ಸದ್ದು. ಆಮೇಲೆ ಕಾಕಾ ಅವರ ದನಿ: "ಬೆಳಿಗ್ಗೆ ಅಂದ್ರೆ ಎಷ್ಟಕ್ಕೆ? ನಿನ್ನ ಹನ್ನೊಂದು ಗಂಟೆ ಬೆಳಿಗ್ಗೆ ಅಲ್ಲ ಮಾರಾಯ. ಆರಕ್ಕೆ ಇಡ್ಲಿ ಇಳೀತದೆ."

"ಆರಕ್ಕೆ ಬರ್ತೇನೆ."

"ಬರ್ತೀಯಾ? ಹಾಗಾದ್ರೆ ಬಾ. ಆ ಧಾರವಾಡದ ಹುಡುಗಿ, ಆ ಜಿಗ್ನೇಶ್, ಊಟ ಮಾಡಿದ್ರಾ? ಇಲ್ಲವಾ? ಎಂತ ಜನ ನೀವು! ಮೂವರೂ ಬನ್ನಿ. ಸಾರು ಬಿಸಿ ಇಡ್ಲಿಕ್ಕೆ ಹೇಳ್ತೇನೆ."

ಅಹಮದಾಬಾದಿನ ರೈಲು ಸರಿಯಾದ ಸಮಯಕ್ಕೆ ಬಂತು. ಅದು ಸರಿಯಾದ ಸಮಯಕ್ಕೆ ಬರುವುದು ಎಷ್ಟು ಅಪರೂಪವೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಬಾಗಿಲು ನಮ್ಮ ಬೆಂಚಿನೆದುರಿಗೇ ನಿಂತಿತು. ನಾವು ಮೂವರೂ ಅದನ್ನು ನೋಡುತ್ತ ಕೂತೆವು. ಅದು ಹೋದ ಮೇಲೆ ಅಮ್ಮನಿಗೆ ಫೋನು ಮಾಡಿ, ಇವತ್ತು ಬರುವುದಿಲ್ಲ, ಸೂರತ್ತಿಗೆ ಊಟಕ್ಕೆ ಹೊರಟಿದ್ದೇವೆ ಎಂದೆ. ಜಿಗ್ನೇಶ್‌ಭಾಯಿ ಆಗಲೇ ಮೂರು ಟಿಕೆಟ್ಟು ತರಲು ಎದ್ದಿದ್ದ.