ಮೊದಲು ಕಂಡವನ ಊರಿಗೆ

ಬೆಂಗಳೂರಿನಿಂದ ಬೆಳಗಿನ ರೈಲು ಹಿಡಿದು ಅರಸೀಕೆರೆಯಲ್ಲಿ ಇಳಿದಾಗ ಬಿಸಿಲಿನ್ನೂ ಎಳೆಯದಾಗಿತ್ತು. ಸ್ಟೇಷನ್ನಿನ ಹೊರಗೆ ಕಾಫಿ ಕುಡಿದು ಹಾರನಹಳ್ಳಿಯ ಬಸ್ಸು ಹತ್ತಿದೆ. ಎಂಟು ಕಿಲೋಮೀಟರು, ಕಾಲು ಗಂಟೆಯ ದಾರಿ. ಹೊರಡುವ ಮನಸ್ಸು ಮಾಡಲು ಮಾತ್ರ ನನಗೆ ಆರು ವರ್ಷ ಬೇಕಾಯಿತು.

ನಾನು ವಿಮಾನ ನಿಲ್ದಾಣದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ವಿಮಾನದ ಚಕ್ರದ ಮೇಲೆ, ನೆಲಕ್ಕಿಳಿಯುವ ಪೆಟ್ಟು ತಡೆಯುವ ಕಾಲೊಂದಿರುತ್ತದೆ. ಅದರ ಹೊಳೆಯುವ ಉಕ್ಕಿನ ಕಂಬಿ ಎರಡೂ ಕಡೆ ಸಮನಾಗಿ ಕಾಣುತ್ತಿದೆಯೇ ಎಂದು ಹಾರುವ ಮುನ್ನ ನೋಡಬೇಕು. ಆರು ವರ್ಷದ ಹಿಂದೆ ಒಂದು ದಿನ ನಾನು ಎಡಗಡೆ ಮಾತ್ರ ನೋಡಿ, ಬಲಗಡೆಗೂ ಸರಿ ಎಂದು ಗುರುತು ಹಾಕಿಬಿಟ್ಟೆ. ಅನುಭವದ ಜಂಬ, ಇನ್ನೇನು! ಪೈಲಟ್ ಕೂಡ ಒಂದು ಸುತ್ತು ಬಂದು ಹೋದರು. ಆಗ ಲಗೇಜು ತುಂಬುತ್ತಿದ್ದ ರುದ್ರೇಶ ಕೂಗಿದ:

"ಸಾರ್, ಬಲಗಡೆ ಕೂತ್ಬಿಟ್ಟೈತೆ!"

ನಿಜ, ಗ್ಯಾಸು ಸೋರಿ ಕಂಬಿ ಪೂರ್ತಿ ಒಳಗಿಳಿದಿತ್ತು. ವಿಮಾನವನ್ನು ನಿಲ್ಲಿಸಿದೆವು. ಆದರೆ ವರದಿಯಲ್ಲಿ ನಾನೇ ಗಮನಿಸಿದ್ದಾಗಿ ಬರೆದೆ. ಮೆಚ್ಚುಗೆಯ ಪತ್ರವೂ ಬಂತು. ಮರುವರ್ಷ ರುದ್ರೇಶ ಕೆಲಸ ಬಿಟ್ಟು ಊರು ಸೇರಿ, ತೆಂಗಿನಕಾಯಿ ಸಾಗಿಸಲು ಟೆಂಪೊ ಕೊಂಡ. ಆ ವರದಿಯ ಸಂಗತಿ ಹೇಳಲೆಂದೇ ನಾನು ಬಂದಿದ್ದೆ.

ಅವನ ಮನೆಯಲ್ಲಿ ಬಿಸಿ ಅಕ್ಕಿರೊಟ್ಟಿ, ಕಾಯಿಚಟ್ನಿ ಸಿಕ್ಕಿತು. ಇಷ್ಟು ದೂರ ಬಂದವರು ಬೇಲೂರು ನೋಡದೆ ಹೋಗುವುದುಂಟೇ ಎಂದು ಟೆಂಪೊ ಹತ್ತಿಸಿದ.

"ಅವತ್ತು ನಿನಗೆ ಹೇಗಪ್ಪಾ ಕಾಣಿಸಿತು?" ಎಂದು ದಾರಿಯಲ್ಲಿ ಕೇಳಿದೆ.

"ಚಿಕ್ಕೋನಿದ್ದಾಗ್ಲಿಂದ ಗಾಡಿಗೆ ಕಾಯಿ ತುಂಬ್ದೋನು ಸಾರ್. ಒಂದ್ ಕಡೆ ವಾಲಿದ್ರೆ ಕಣ್ಣಿಗೆ ಹೊಡೀತೈತೆ."

ಬೇಲೂರಿನ ಗುಡಿಯಲ್ಲಿ ಜನ ಕತ್ತೆತ್ತಿ ಮದನಿಕೆಯರನ್ನು ನೋಡುತ್ತಿದ್ದರೆ, ನಮ್ಮ ರುದ್ರೇಶ ಅಂಗಳದ ದೀಪಸ್ತಂಭದ ಬುಡದಲ್ಲಿ ಬಗ್ಗಿ ನಿಂತಿದ್ದ. "ಬನ್ನಿ ಸಾರ್, ಕಂಬದ ಈ ಮೂಲೆ ಕೆಳಗಿನ ಕಲ್ಲಿಗೆ ತಾಗೇ ಇಲ್ಲ. ಆದ್ರೂ ನಿಂತೈತೆ ನೋಡಿ!" ಸಂದಿನಲ್ಲಿ ಆಚೆಯ ಬೆಳಕು ಕಾಣುತ್ತಿತ್ತು. ಹೇಳಲು ಇದೇ ಸಮಯ ಎನಿಸಿತು. ಆದರೆ ಕೇಳಿದ್ದು ಕಂಬದ ಎತ್ತರ ಎಷ್ಟೆಂದು.

ಮಧ್ಯಾಹ್ನ ಹಳೇಬೀಡು. ಸುಡುವ ಕಲ್ಲಿನ ಮೇಲೆ ಗುಡಿ ಸುತ್ತಿ ಬಂದೆವು. ಅವನು ಎಳನೀರು ತರಲು ಹೋದಾಗ ನಾನು ಹಳೆಯ ಅಭ್ಯಾಸದಂತೆ ಟೆಂಪೊದ ಸುತ್ತ ಒಂದು ಸುತ್ತು ಹಾಕಿದೆ. ಈ ಸಲ ಬಲಗಡೆಗೂ ಹೋಗಿ ಬಗ್ಗಿದೆ. ಹಿಂದಿನ ಚಕ್ರದಲ್ಲಿ ಉದ್ದನೆಯ ಮೊಳೆಯೊಂದು ಚುಚ್ಚಿಕೊಂಡಿತ್ತು.

ಪಂಕ್ಚರ್ ಅಂಗಡಿಯವರು ಮೊಳೆ ಕಿತ್ತು ತೋರಿಸಿದರು. "ಒಳ್ಳೆ ಟೈಮಿಗೆ ನೋಡಿದೀಯ ಕಣಯ್ಯ ರುದ್ರೇಶ."

"ನಾನೆಲ್ಲಿ ನೋಡ್ದೆ ಅಣ್ಣ? ನೋಡಿದ್ದು ಇವ್ರು," ಎಂದು ರುದ್ರೇಶ ನನ್ನತ್ತ ಕೈ ಮಾಡಿದ.

ಒಂದು ಮೊಳೆ ಕಂಡ ಹೆಸರನ್ನೂ ಅವನು ತನ್ನದಾಗಿಸಿಕೊಳ್ಳಲಿಲ್ಲ! ನನ್ನ ಕಣ್ಣು ತುಂಬಿ ಬಂತು. ಅಲ್ಲೇ, ಹಳೇ ಟೈರಿನ ಮೇಲೆ ಕೂತು, ವರದಿಯ ಸಂಗತಿಯನ್ನೆಲ್ಲ ಹೇಳಿಬಿಟ್ಟೆ. ಅವನು ಬಂದು ನನ್ನ ಪಕ್ಕದಲ್ಲೇ ಕೂತ.

"ಬೇಜಾರಾಗ್ಲಿಲ್ಲ ಅಂದ್ರೆ ಸುಳ್ಳಾಗ್ತದೆ ಸಾರ್. ಆದ್ರೆ ಇಮಾನ ಹಾರ್ಲಿಲ್ವಲ್ಲ, ಅದು ಮುಖ್ಯ. ನೀವೂ ಬಂದ್ರಲ್ಲ."

ಸಂಜೆ ಅರಸೀಕೆರೆಯವರೆಗೂ ಬಂದು, ರೈಲು ಹತ್ತಿಸಿ, ಕಿಟಕಿಯಲ್ಲಿ ಎರಡು ತೆಂಗಿನಕಾಯಿ ಕೊಟ್ಟ. ಆ ಋಣ ತೀರಿಸುವಂಥದ್ದಲ್ಲ. ಮನೆಗೆ ಬಂದು ಹಳೆಯ ಆಫೀಸಿಗೆ ಪತ್ರ ಬರೆದೆ. ಅಲ್ಲಿ ಬರೆದದ್ದನ್ನೇ ಇಲ್ಲಿಯೂ ಬರೆಯುತ್ತೇನೆ: ಅಂದು ಅದನ್ನು ನೋಡಿದ್ದು ನಾನಲ್ಲ, ಹಾರನಹಳ್ಳಿಯ ರುದ್ರೇಶ.